ಒಬ್ಬರೇ ಬಂದವರಿಗೊಂದು ಎಲೆ

ಹೋಟೆಲನ್ನು ಅಳೆಯುವುದಕ್ಕೆ ನಮ್ಮ ಜನರಲ್ಲಿ ಮಾನದಂಡಗಳಿಗೇನೂ ಬರವಿಲ್ಲ. ಸಾಂಬಾರಿನ ಹದ, ಇಡ್ಲಿಯ ಮೆದು, ಕಾಫಿಯ ಕಡು, ಲೋಟದ ಶುಚಿ, ಕೊನೆಗೆ ಬಿಲ್ಲಿನ ಮೊತ್ತ. ಇವೆಲ್ಲ ಇರಬೇಕಾದವೇ. ಆದರೆ ಈ ಸಾಲಿಗೆ ಸೇರಬೇಕಾಗಿದ್ದೂ ಯಾರೂ ಸೇರಿಸದ ಇನ್ನೊಂದು ಮಾನದಂಡವುಂಟು. ಊರಿಗೆ ಹೊಸಬನಾದ, ಕಿಸೆ ತೆಳುವಾದ, ಒಬ್ಬನೇ ಬಂದ ಗಿರಾಕಿಯನ್ನು ಆ ಹೋಟೆಲು ಹೇಗೆ ಕಾಣುತ್ತದೆ ಎಂಬುದೇ ಅದು.

ನಾವು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಾಗ ಪ್ರಯೋಗಶಾಲೆಯಲ್ಲಿ ಮೊದಲು ಕಲಿಸಿದ ಪಾಠವೊಂದಿತ್ತು: ಮಿಕ್ಕೆಲ್ಲವನ್ನೂ ಇದ್ದಂತೆಯೇ ಇಟ್ಟು, ಒಂದನ್ನು ಮಾತ್ರ ಬದಲಿಸಿ, ಆಗುವ ವ್ಯತ್ಯಾಸವನ್ನು ಗಮನಿಸಬೇಕು. ಹೋಟೆಲಿನ ವಿಷಯದಲ್ಲಿಯೂ ಅದನ್ನೇ ಮಾಡಬಹುದು. ಅದೇ ಅಡಿಗೆ, ಅದೇ ಮೇಜು, ಅದೇ ದರ ಇರಲಿ. ಉಣ್ಣುವವರ ಸಂಖ್ಯೆಯನ್ನು ಮಾತ್ರ ನಾಲ್ಕರಿಂದ ಒಂದಕ್ಕೆ ಇಳಿಸಿ ನೋಡಿ. ನಾಲ್ವರ ಕುಟುಂಬಕ್ಕೆ ನಗುಮುಖ ತೋರಿಸುವುದು ಎಲ್ಲ ಹೋಟೆಲುಗಳಿಗೂ ಸಾಧ್ಯ, ಅದು ವ್ಯಾಪಾರ. ಒಬ್ಬನೇ ಬಂದು ಒಂದು ರೈಸ್ ಪ್ಲೇಟ್ ಕೇಳುವವನ ಎದುರಿಗೆ ಹೋಟೆಲಿನ ನಿಜಸ್ವಭಾವ ಹೊರಬೀಳುತ್ತದೆ.

ಈ ವಿಚಾರವನ್ನು ನಮ್ಮ ತಲೆಗೆ ಹಚ್ಚಿದ್ದು ಒಂದು ಜಪಾನಿ ಕೃತಿ. ಅದರ ಹೆಸರು ‘ಕೊದೊಕು ನೊ ಗುರುಮೆ’. ‘ಒಂಟಿ ಭೋಜನಪ್ರಿಯ’ ಎಂದು ನಾವು ಕನ್ನಡಿಸಿಕೊಳ್ಳಬಹುದು. ಮಸಯುಕಿ ಕುಸುಮಿ ಎಂಬವರು ಬರೆದು, ಜಿರೊ ತನಿಗುಚಿ ಎಂಬ ಪ್ರಸಿದ್ಧ ಚಿತ್ರಕಾರರು ಚಿತ್ರಿಸಿದ ಈ ಚಿತ್ರಕಥೆ 1994ರಿಂದ 1996ರವರೆಗೆ ಅಲ್ಲಿನ ಒಂದು ಮಾಸಿಕದಲ್ಲಿ ಬಂತು. 1997ರಲ್ಲಿ ಪುಸ್ತಕವಾಯಿತು. 2012ರ ಜನವರಿಯಲ್ಲಿ ಟಿವಿ ಟೋಕಿಯೊ ಇದನ್ನು ಧಾರಾವಾಹಿಯಾಗಿ ತೋರಿಸಲು ಆರಂಭಿಸಿತು. 2022ರ ಹೊತ್ತಿಗೆ ಹತ್ತು ಸರಣಿಗಳಾದವು. ಮುಖ್ಯ ಪಾತ್ರ ವಹಿಸಿದ ಯುತಾಕಾ ಮತ್ಸುಶಿಗೆ ಅವರೇ ನಿರ್ದೇಶಿಸಿದ ಚಲನಚಿತ್ರ 2025ರಲ್ಲಿ ತೆರೆಗೆ ಬಂತು. ತನಿಗುಚಿಯವರು 2017ರಲ್ಲಿ ತೀರಿಕೊಂಡರು. ಜಪಾನಿ ಭಾಷೆ ನಮಗೆ ಬಾರದು. ಪುಸ್ತಕವನ್ನು ಅನುವಾದದ ಮೂಲಕವೂ ಧಾರಾವಾಹಿಯನ್ನು ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರಗಳ ಮೂಲಕವೂ ತಿಳಿದುಕೊಂಡು ನಾವು ಈ ಮಾತುಗಳನ್ನು ಆಡುತ್ತಿದ್ದೇವೆ.

ಕಥೆ ಎಂಬಂಥ ಕಥೆ ಇದರಲ್ಲಿಲ್ಲ. ಇನೊಗಶಿರಾ ಗೊರೊ ಎಂಬ ಮಧ್ಯವಯಸ್ಸಿನ ವ್ಯಾಪಾರಿ ಹೊರದೇಶಗಳಿಂದ ಸಾಮಾನು ತರಿಸಿ ಮಾರುತ್ತಾನೆ. ಅಂಗಡಿ ಇಟ್ಟಿಲ್ಲ, ಸಂಸಾರವಿಲ್ಲ. ಗಿರಾಕಿಯನ್ನು ಕಾಣಲು ಗೊತ್ತಿಲ್ಲದ ಬಡಾವಣೆಗೆ ಹೋಗುತ್ತಾನೆ. ಕೆಲಸ ಮುಗಿಯುವ ಹೊತ್ತಿಗೆ ಹಸಿವೆಯಾಗುತ್ತದೆ. ಗಲ್ಲಿಗಲ್ಲಿ ತಿರುಗಿ ಒಂದು ಸಾಧಾರಣ ಊಟದ ಅಂಗಡಿಯನ್ನು ಹುಡುಕುತ್ತಾನೆ. ಕುಳಿತು ಉಣ್ಣುತ್ತಾನೆ, ಹಣ ಕೊಡುತ್ತಾನೆ, ಹೊರಟುಹೋಗುತ್ತಾನೆ. ಇಷ್ಟೇ. ಅವನು ಮದ್ಯ ಮುಟ್ಟುವವನಲ್ಲ. ಆದ್ದರಿಂದ ಕುಡಿಯುವವರೇ ತುಂಬಿರುವ ಅಂಗಡಿಗೆ ಹೋದರೂ ಅನ್ನವನ್ನೇ ಕೇಳುತ್ತಾನೆ. ಧಾರಾವಾಹಿಯಲ್ಲಿ ತೋರಿಸುವ ಅಂಗಡಿಗಳು ನಿಜವಾಗಿಯೂ ಇರುವಂಥವು. ಕಂತಿನ ಕೊನೆಗೆ ಮೂಲ ಲೇಖಕರಾದ ಕುಸುಮಿಯವರೇ ಆ ಅಂಗಡಿಗೆ ಹೋಗಿ ನಿಜವಾದ ಮಾಲಿಕರೊಡನೆ ಮಾತಾಡುತ್ತಾರೆ.

ಇಂಥ ವಸ್ತುವಿನಿಂದ ಹತ್ತು ಸರಣಿ ಹೇಗೆ ಬೆಳೆಯಿತು ಎಂದು ವಾಚಕರು ಆಶ್ಚರ್ಯಪಡಬಹುದು. ಅದರ ಶಕ್ತಿ ಇರುವುದು ಗಮನದಲ್ಲಿ. ಊಟವನ್ನು ವೈಭವೀಕರಿಸುವ ಚಿತ್ರಗಳಿಗೆ ಇಂದು ಕೊರತೆಯಿಲ್ಲ. ದೊಡ್ಡ ಪಾತ್ರೆ, ಸುರಿಯುವ ಬೆಣ್ಣೆ, ಕಣ್ಣರಳಿಸುವ ನಿರೂಪಕ. ಇಲ್ಲಿ ಅದಾವುದೂ ಇಲ್ಲ. ಏನು ತರಿಸುವುದು, ಯಾವುದನ್ನು ಮೊದಲು ತಿನ್ನುವುದು, ಉಪ್ಪಿನಕಾಯಿಯನ್ನು ಕೊನೆಯ ತುತ್ತಿಗೆ ಉಳಿಸಬೇಕೇ ಬೇಡವೇ ಎಂಬ ಸಣ್ಣಪುಟ್ಟ ಚಿಂತನೆಗಳೇ ಅವನ ಮನಸ್ಸಿನ ಮಾತಾಗಿ ಹರಿಯುತ್ತವೆ. ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ಅವನು ಹಂದಿಮಾಂಸದ ಪಲ್ಯಕ್ಕೆ ಹೇಳಿ, ಜೊತೆಗೆ ಹಂದಿಮಾಂಸದ ಸಾರಿಗೂ ಹೇಳಿಬಿಡುತ್ತಾನೆ. ತಟ್ಟೆ ಬಂದ ಮೇಲೆ, ಎರಡೂ ಒಂದೇ ಆಯಿತಲ್ಲ ಎಂದು ಒಳಗೊಳಗೇ ಪೇಚಾಡುತ್ತಾನೆ. ನಮ್ಮಲ್ಲಿ ಆಲೂಗಡ್ಡೆ ಬೋಂಡದ ಮೇಲೆ ಮಸಾಲೆ ದೋಸೆಗೆ ಹೇಳಿದವನ ಪಾಡೂ ಇದೇ ಅಲ್ಲವೇ? ಇದನ್ನು ಹೇಳಿಕೊಳ್ಳಲು ಎದುರಿಗೆ ಯಾರೂ ಇಲ್ಲದಿರುವುದರಿಂದಲೇ ಇದು ಸಾಹಿತ್ಯವಾಗಿದೆ. ಜೊತೆಗಾರನಿದ್ದರೆ ಒಂದು ನಗೆಯಲ್ಲಿ ಮುಗಿದುಹೋಗುತ್ತಿತ್ತು.

ಊಟಕ್ಕೆ ಮುನ್ನ ಅವನು ಕೈಜೋಡಿಸಿ ‘ಇತದಕಿಮಸು’ ಎನ್ನುತ್ತಾನೆ. ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅದರ ಅರ್ಥ. ಎದುರಿಗೆ ಯಾರಿಲ್ಲದಿದ್ದರೂ ಈ ಮಾತನ್ನು ಹೇಳುವುದು ನಮಗೆ ಹಿಡಿಸಿತು. ಎಲೆಯ ಸುತ್ತ ನೀರು ಸುತ್ತುವ ನಮ್ಮ ಹಿರಿಯರೂ ಯಾರು ನೋಡುತ್ತಾರೆಂದು ಸುತ್ತುತ್ತಿರಲಿಲ್ಲ. ಒಬ್ಬನೇ ಉಣ್ಣುವಾಗಲೂ ಊಟಕ್ಕೊಂದು ಮರ್ಯಾದೆಯಿದೆ ಎಂಬುದನ್ನು ಈ ಕೃತಿ ಮರೆತಿಲ್ಲ.

ಗೊರೊನ ಈ ಸ್ವಾತಂತ್ರ್ಯ ಅವನೊಬ್ಬನ ಗುಣದಿಂದ ಬಂದದ್ದಲ್ಲ. ಅದರ ಹಿಂದೆ ಒಂದು ವ್ಯವಸ್ಥೆಯಿದೆ. ಜಪಾನಿನಲ್ಲಿ 2020ರ ಜನಗಣತಿಯ ಪ್ರಕಾರ ನೂರಕ್ಕೆ ಸುಮಾರು 38 ಮನೆಗಳಲ್ಲಿ ಇರುವುದು ಒಬ್ಬೊಬ್ಬರೇ. ಒಬ್ಬರೇ ಬಂದವರಿಗೆ ಅಲ್ಲೊಂದು ಹೆಸರೇ ಇದೆ: ‘ಒಹಿತೊರಿಸಮಾ’. ಅದರಲ್ಲಿ ‘ಸಮಾ’ ಎಂಬುದು ಗೌರವಸೂಚಕ. ‘ಒಬ್ಬರೇ ಬಂದ ಮಹಾಶಯರು’ ಎಂದಂತೆ. ಅಲ್ಲಿನ ಅಗ್ಗದ ಊಟದ ಅಂಗಡಿಗಳಲ್ಲಿ ಅಡಿಗೆಯವರ ಎದುರಿಗೇ ಉದ್ದನೆಯ ಕಟ್ಟೆ, ಅದಕ್ಕೆ ಒಂದೊಂದೇ ಸ್ಟೂಲು. ಬಹಳ ಕಡೆ ಬಾಗಿಲಲ್ಲಿಯೇ ಚೀಟಿ ಕೊಡುವ ಯಂತ್ರ. ನಾಣ್ಯ ಹಾಕಿ ಗುಂಡಿ ಒತ್ತಿ ಚೀಟಿ ಪಡೆದು ಒಳಗೆ ಕೊಟ್ಟರಾಯಿತು. ‘ತೆಯ್ಶೊಕು’ ಎಂಬ ಒಬ್ಬರ ಊಟದಲ್ಲಿ ಅನ್ನ, ಸಾರು, ಒಂದು ಮುಖ್ಯ ವ್ಯಂಜನ, ಉಪ್ಪಿನಕಾಯಿ ಒಂದೇ ತಟ್ಟೆಯಲ್ಲಿ ಬರುತ್ತವೆ. 1899ರಲ್ಲಿ ಟೋಕಿಯೊದ ಮೀನುಪೇಟೆಯಲ್ಲಿ ಹುಟ್ಟಿದ ಯೋಶಿನೋಯಾ ಎಂಬ ಅಂಗಡಿ, ಅನ್ನದ ಬಟ್ಟಲಿನ ಮೇಲೆ ಗೋಮಾಂಸ ಹರಡಿ ಅವಸರದ ಪೇಟೆಯವರಿಗೆ ಕೊಡುತ್ತಿದ್ದದ್ದು ಇಂದು ದೇಶವಿಡೀ ಶಾಖೆಗಳಾಗಿದೆ. ಬಖ್ಷೀಸಿನ ಪದ್ಧತಿಯೂ ಅಲ್ಲಿಲ್ಲ. ಒಂಟಿಯಾಗಿ ಬಂದ ಪರಸ್ಥಳದವನಿಗೆ ಎಷ್ಟು ಬಿಡಬೇಕೆಂಬ ಮುಜುಗರವೂ ಇಲ್ಲ.

ಈ ವ್ಯವಸ್ಥೆಯ ತುತ್ತತುದಿ ಫುಕುವೊಕಾದ ಇಚಿರಾನ್ ಎಂಬ ಶಾವಿಗೆ ಸಾರಿನ ಅಂಗಡಿಗಳು. ಅಲ್ಲಿ ಪ್ರತಿಯೊಬ್ಬನ ಎಡಬಲಕ್ಕೂ ಹಲಗೆಯ ಅಡ್ಡಗೋಡೆ. ಎದುರಿನ ಕಿಂಡಿಯಿಂದ ಬಟ್ಟಲು ಬರುತ್ತದೆ. ಬಂದೊಡನೆ ಬಿದಿರಿನ ಪರದೆ ಇಳಿಯುತ್ತದೆ. ಬಡಿಸಿದವರ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ರುಚಿಯ ಮೇಲೆ ಏಕಾಗ್ರತೆ ಬರಲೆಂದು ಹೀಗೆ ಮಾಡಿದ್ದಂತೆ. ಇರಬಹುದು. ಆದರೆ ಒಬ್ಬನನ್ನು ಗೌರವಿಸುವುದಕ್ಕೂ ಅವನನ್ನು ಡಬ್ಬಿಯೊಳಗೆ ಕೂರಿಸುವುದಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ನಾವು ಕೇಳಲೇಬೇಕಾಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. ದಾದರು, ಮಾಟುಂಗ, ಸಯನ್ ಎಂದು ಮಧ್ಯ ರೇಲ್ವೆಯ ಗಾಡಿ ಸಾಗುವ ಈ ಭಾಗದಲ್ಲಿ ಒಬ್ಬರೇ ಉಣ್ಣುವವರ ಸಮಸ್ಯೆಗೆ ನಮ್ಮವರು ಜಪಾನಿನ ಯಾವ ಮಾದರಿಯನ್ನೂ ನೋಡದೆ ಉತ್ತರ ಕಂಡುಕೊಂಡಿದ್ದರು. ಮುಂಬಯಿ ಮೊದಲಿನಿಂದಲೂ ಒಂಟಿ ಗಂಡಸರ ಪಟ್ಟಣ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರು ಗಿರಣಿಗಳಲ್ಲಿ, ಗೋದಿಯಲ್ಲಿ, ಕಚೇರಿಗಳಲ್ಲಿ ದುಡಿದರು. ಗಿರಣಿಯವರಿಗೆ ಖಾನಾವಳಿಗಳಿದ್ದವು. ಚಾಳಿನ ಖೋಲಿಯಲ್ಲಿ ಅಡಿಗೆ ಮಾಡಿ ಬಡಿಸುತ್ತಿದ್ದ ಆ ಹೆಂಗಸರನ್ನು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವಾಗಿ ಸಂಘಟಿಸಿದರು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ನಂತರ ಆ ಉಣ್ಣುವವರೇ ಕರಗಿದರು. ಕಚೇರಿಯವರಿಗೆ, ವಿದ್ಯಾರ್ಥಿಗಳಿಗೆ, ಬಂದುಹೋಗುವವರಿಗೆ ಉಡುಪಿ ಹೋಟೆಲುಗಳಿದ್ದವು. ಮಾಟುಂಗ ಸ್ಟೇಶನ್ನಿನ ಪೂರ್ವಕ್ಕೆ 1939ರ ರಾಮಾಶ್ರಯ, ಕಿಂಗ್ಸ್ ಸರ್ಕಲಿನಲ್ಲಿ 1940ರ ಕೆಫೆ ಮದ್ರಾಸ್, ಸ್ಟೇಶನ್ನಿನ ಬಳಿಯ ಮಾರುಕಟ್ಟೆ ಕಟ್ಟಡದ ಮಹಡಿಯ ಮೇಲೆ 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಇವು ಇಂದಿಗೂ ಸಾಲು ನಿಲ್ಲಿಸುವ ಹೆಸರುಗಳು.

ಇವುಗಳ ರುಚಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾವು ಹೇಳಬೇಕೆಂದಿರುವುದು ಇವುಗಳ ರಚನೆಯ ಬಗ್ಗೆ. ರಾಮ ನಾಯಕರ ಬೋರ್ಡಿಂಗಿನಲ್ಲಿ ಊಟಕ್ಕೆ ಮೊದಲು ಕೂಪನ್ನು ಕೊಳ್ಳಬೇಕು. ಅಲ್ಲಿಗೆ ದರದ ಚಿಂತೆ ಮುಗಿಯಿತು. ಎಲೆ ಹಾಕಿದ ಮೇಲೆ ನೀವು ಯಾರು, ಎಲ್ಲಿಯವರು, ಜೊತೆಗೆ ಯಾರಿದ್ದಾರೆ ಎಂಬುದು ಯಾರಿಗೂ ಬೇಕಿಲ್ಲ. ರಾಮಾಶ್ರಯದಂಥಲ್ಲಿ ಖಾಲಿ ಕುರ್ಚಿ ಎಲ್ಲಿದೆಯೋ ಅಲ್ಲಿ ಕೂರಬೇಕು. ನಾಲ್ವರ ಮೇಜಿನಲ್ಲಿ ನಾಲ್ವರು ಅಪರಿಚಿತರು. ಒಬ್ಬನ ಮುಂದೆ ಅನಾನಸಿನ ಶೀರಾ, ಇನ್ನೊಬ್ಬನ ಮುಂದೆ ರವೆ ದೋಸೆ. ಚಟ್ನಿಯ ಬಟ್ಟಲನ್ನು ಈ ಕಡೆ ಸರಿಸುವಷ್ಟು ಸ್ನೇಹ, ಹೆಸರು ಕೇಳದಷ್ಟು ದೂರ. ಮಾತಾಡಬೇಕೆಂಬ ಕಟ್ಟುಪಾಡಿಲ್ಲ, ಮಾತಾಡಬಾರದೆಂಬ ಅಡ್ಡಗೋಡೆಯೂ ಇಲ್ಲ. ಒಬ್ಬನೇ ಬಂದವನು ಇಲ್ಲಿ ಒಬ್ಬನೇ ಎಂದು ಎದ್ದು ಕಾಣುವುದೇ ಇಲ್ಲ. ಏಕೆಂದರೆ ಲೆಕ್ಕ ನಡೆಯುವುದು ಮೇಜಿನ ಮೇಲಲ್ಲ, ಕುರ್ಚಿಯ ಮೇಲೆ.

ಜಪಾನಿನವರು ಒಂಟಿಯವನಿಗೆ ಏಕಾಂತವನ್ನು ಕೊಟ್ಟರು. ನಮ್ಮವರು ಪ್ರಶ್ನೆ ಕೇಳದ ಸಹವಾಸವನ್ನು ಕೊಟ್ಟರು. ನಮ್ಮ ರೈಸ್ ಪ್ಲೇಟನ್ನು ಅಲ್ಲಿನ ತೆಯ್ಶೊಕುವಿನ ಪಕ್ಕದಲ್ಲಿಟ್ಟು ನೋಡಿ. ಎರಡರ ಹಿಂದಿನ ವಿಚಾರ ಒಂದೇ. ಒಬ್ಬನಿಗೆ ಬೇಕಾದ ಅನ್ನ, ಸಾರು, ಪಲ್ಯ, ಮೊಸರು, ಹಪ್ಪಳ ಎಲ್ಲವನ್ನೂ ಅಳೆದು ವಾಟಿಗಳಲ್ಲಿಟ್ಟು, ಒಬ್ಬನ ಕಿಸೆಗೆ ತಾಳುವ ದರಕ್ಕೆ ಕೊಡುವುದು. ಒಂದು ಪೂರ್ತಿ ಊಟಕ್ಕೆ ಇನ್ನೊಬ್ಬನ ಪಾಲು ಬೇಕಾಗಿಲ್ಲ ಎಂಬ ಈ ತೀರ್ಮಾನ ಸಣ್ಣದಲ್ಲ.

ಸಣ್ಣದಲ್ಲ ಏಕೆಂದರೆ ಅದು ಪಂಕ್ತಿಯನ್ನು ಮುರಿದು ಬಂದದ್ದು. ನಮ್ಮ ಸಂಪ್ರದಾಯದ ಊಟ ಪಂಕ್ತಿಯ ಊಟ. ಎಲ್ಲರೂ ಒಟ್ಟಿಗೆ ಕೂರಬೇಕು, ಒಟ್ಟಿಗೆ ಏಳಬೇಕು. ಅದರಲ್ಲಿ ಒಂದು ಸೊಗಸಿದೆ, ನಿಜ. ಆದರೆ ಯಾರು ಯಾವ ಪಂಕ್ತಿಯಲ್ಲಿ ಕೂರಬೇಕು, ಯಾರು ಕೂರಲೇಬಾರದು ಎಂಬುದೂ ಅದರಲ್ಲಿಯೇ ಅಡಗಿತ್ತು. ಉಡುಪಿ ಹೋಟೆಲುಗಳೂ ಮೊದಮೊದಲು ಈ ಭೇದವನ್ನು ಪೇಟೆಗೆ ಹೊತ್ತು ತಂದವು. ದಕ್ಷಿಣದ ಪಟ್ಟಣಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇಟ್ಟ ಹೋಟೆಲುಗಳಿದ್ದವು. 1957ರಷ್ಟು ಈಚೆಗೆ ಮದರಾಸಿನಲ್ಲಿ ಒಂದು ಕೆಫೆಯ ಬೋರ್ಡಿನ ಮೇಲಿದ್ದ ‘ಬ್ರಾಹ್ಮಣ’ ಎಂಬ ಶಬ್ದದ ವಿರುದ್ಧ ಪೆರಿಯಾರರು ಚಳವಳಿಯನ್ನೇ ಹೂಡಬೇಕಾಯಿತು. ನಮ್ಮ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ ಜಾತಿ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು ಹೇಳಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹಾಗೆ ತಡೆಯುವುದಕ್ಕೆ ಶಿಕ್ಷೆಯನ್ನು ಗೊತ್ತುಮಾಡಿತು. ದೇಶದ ಸಂವಿಧಾನವೇ ಊಟದ ಮೇಜಿನ ಮಾತನ್ನು ಎತ್ತಬೇಕಾಯಿತೆಂದರೆ ಆ ಮೇಜು ಎಷ್ಟು ದೊಡ್ಡ ರಣರಂಗವಾಗಿತ್ತೆಂದು ಊಹಿಸಬಹುದು.

ಈ ಹಿನ್ನೆಲೆಯಲ್ಲಿ ನೋಡಿದಾಗ, ಗುರುತಿಲ್ಲದ ಮೂವರ ನಡುವೆ ಗುರುತಿಲ್ಲದ ಒಬ್ಬನು ಬಂದು ಕೂತು ಸಾಂಬಾರು ಸುರಿದುಕೊಳ್ಳುವುದು ಸಾಧಾರಣ ಸಂಗತಿಯಲ್ಲ. ಜೊತೆಗಾರರಿರುವಲ್ಲಿ ಜಾತಿ, ಬಳಗ, ಊರು ಎಲ್ಲವೂ ಜೊತೆಗೇ ಬಂದು ಕೂರುತ್ತವೆ. ಒಬ್ಬನೇ ಬಂದವನು ಅವನ್ನು ಬಾಗಿಲ ಹೊರಗೆ ಬಿಟ್ಟು ಬರಬಹುದು. ಗೊರೊನ ಸ್ವಾತಂತ್ರ್ಯವು ನಾಲಗೆಯ ಸ್ವಾತಂತ್ರ್ಯ. ಇಲ್ಲಿನ ಒಂಟಿ ಊಟದಲ್ಲಿ ಅದಕ್ಕಿಂತ ಹಿರಿದಾದ ಒಂದು ಬಿಡುಗಡೆಯಿತ್ತು. ಇದನ್ನು ನಮ್ಮ ಹೋಟೆಲುಗಳ ಬಗ್ಗೆ ಬರೆಯುವವರು ಹೇಳಿದ್ದು ಕಡಿಮೆ.

ಇನ್ನು ಜಪಾನಿ ಕೃತಿಯ ಮೇಲಿನ ನಮ್ಮ ಮುಖ್ಯ ಆಕ್ಷೇಪಣೆಗೆ ಬರುತ್ತೇವೆ. ಪ್ರತಿ ಕಂತಿನ ಆರಂಭದಲ್ಲಿ, ಯಾರ ಹಂಗೂ ಇಲ್ಲದೆ ಒಬ್ಬನೇ ಉಣ್ಣುವುದು ಇಂದಿನ ಮನುಷ್ಯನಿಗೆ ದೊರೆತಿರುವ ಅತ್ಯುತ್ತಮ ಉಪಶಮನ ಎಂಬರ್ಥದ ಮಾತೊಂದು ಬರುತ್ತದೆ. ಗೊರೊನಿಗೆ ಅದು ನಿಜ. ಅವನ ಒಂಟಿತನ ಅವನೇ ಆಯ್ದುಕೊಂಡದ್ದು. ಕಿಸೆಯಲ್ಲಿ ಹಣವಿದೆ, ತಲೆಯಲ್ಲಿ ಚಿಂತೆಯಿಲ್ಲ. ಆದರೆ ಮೊದಲ ಅಧ್ಯಾಯ ನಡೆಯುವುದು ಟೋಕಿಯೊದ ಸಾನ್ಯಾ ಎಂಬಲ್ಲಿ. ಅದು ದಿನಗೂಲಿಯವರ ವಸತಿ. ಆ ಅಂಗಡಿಗೆ ದಿನವೂ ಬಂದು ಒಬ್ಬೊಬ್ಬರೇ ಉಣ್ಣುವವರು ಆ ಕೂಲಿಕಾರರು. ಅವರ ಪಾಲಿಗೆ ಒಂಟಿ ಊಟ ಉಪಶಮನವೇ? ಲೇಖಕರು ಆ ಪ್ರಶ್ನೆಯ ಹೊಸ್ತಿಲ ತನಕ ಬಂದು, ತನಿಗುಚಿಯವರ ಸೂಕ್ಷ್ಮ ರೇಖೆಗಳಲ್ಲಿ ಆ ಬೀದಿಯನ್ನು ತೋರಿಸಿ, ಮತ್ತೆ ಗೊರೊನ ತಟ್ಟೆಗೆ ಹಿಂತಿರುಗುತ್ತಾರೆ. ಒಂಟಿಯಾಗಿ ಉಣ್ಣಬಯಸುವವನ ಕಥೆ ಇಲ್ಲಿದೆ. ಒಂಟಿಯಾಗಿ ಉಣ್ಣಬೇಕಾಗಿ ಬಂದವನ ಕಥೆ ಇಲ್ಲ.

ಸಯನ್ನಿನಲ್ಲಿ ಇರುವವರಿಗೆ ಈ ಎರಡನೆಯವನನ್ನು ತೋರಿಸಿಕೊಡಬೇಕಾಗಿಲ್ಲ. ಲೋಕಮಾನ್ಯ ತಿಲಕ ಆಸ್ಪತ್ರೆ, ಎಂದರೆ ನಾವೆಲ್ಲ ಹೇಳುವ ಸಯನ್ ಆಸ್ಪತ್ರೆ, ಬೇರೆ ಬೇರೆ ಜಿಲ್ಲೆಗಳ ರೋಗಿಗಳು ಬರುವ ನಗರಪಾಲಿಕೆಯ ಆಸ್ಪತ್ರೆ. ರೋಗಿಯ ಜೊತೆಗೆ ಬಂದ ಒಬ್ಬನೋ ಒಬ್ಬಳೋ ಸುತ್ತಲಿನ ಹೋಟೆಲುಗಳ ಬಾಗಿಲಲ್ಲಿ ಒಂದು ಕ್ಷಣ ನಿಂತು ದರದ ಹಲಗೆ ಓದುವುದನ್ನು ನಾವು ದಿನಾ ಕಾಣುತ್ತೇವೆ. ಸಯನ್ ಸರ್ಕಲಿನ ಬಳಿ ರಾತ್ರಿಯ ಬಸ್ಸಿಗಾಗಿ ಚೀಲ ಹಿಡಿದು ಕಾಯುವವರೂ ಇದ್ದಾರೆ. ಮಂಗಳೂರಿನ ಕಡೆಗೆ, ಹುಬ್ಬಳ್ಳಿಯ ಕಡೆಗೆ ಹೊರಟವರು. ಇವರೆಲ್ಲರೂ ಪ್ರಯಾಣದಲ್ಲಿ ಒಬ್ಬರೇ ಉಣ್ಣುವವರು. ಇವರಲ್ಲಿ ಯಾರೂ ರುಚಿಯ ಶೋಧಕ್ಕೆ ಹೊರಟವರಲ್ಲ. ಆದರೂ ಬಿಸಿ ಅನ್ನದ ಮೇಲೆ ಸಾರು ಬಿದ್ದಾಗ ಅವರ ಮುಖದಲ್ಲಿ ಮೂಡುವ ಸಮಾಧಾನವನ್ನು ಬರೆಯಲು ಒಬ್ಬ ಕುಸುಮಿ, ಚಿತ್ರಿಸಲು ಒಬ್ಬ ತನಿಗುಚಿ ನಮ್ಮಲ್ಲಿಯೂ ಬೇಕಾಗಿದೆ.

ಮುಂಬಯಿಯ ಒಂಟಿ ಊಟಗಾರನನ್ನು ಕಲೆಯಲ್ಲಿ ತಂದವರು ಇಲ್ಲವೆಂದಲ್ಲ. ರಿತೇಶ್ ಬಾತ್ರಾ ಅವರ 2013ರ ‘ದಿ ಲಂಚ್‌ಬಾಕ್ಸ್’ ಚಿತ್ರದ ಸಾಜನ್ ಫರ್ನಾಂಡಿಸ್ ಕಚೇರಿಯ ಕ್ಯಾಂಟೀನಿನಲ್ಲಿ ಒಬ್ಬನೇ ಡಬ್ಬಿ ಬಿಚ್ಚುತ್ತಾನೆ. ಲೆಕ್ಕಪತ್ರಗಳ ನಡುವೆ ಆಯುಷ್ಯ ಸವೆಸಿದ ಗುಮಾಸ್ತ. ನಮ್ಮಂಥವರಿಗೆ ಪರಿಚಿತ ಮುಖ. ಆ ಚಿತ್ರದಲ್ಲಿ ಒಂಟಿ ಊಟವೆಂದರೆ ವಾಸಿಯಾಗಬೇಕಾದ ಒಂದು ಕಾಯಿಲೆ. ಜಪಾನಿ ಕೃತಿಯಲ್ಲಿ ಅದು ಔಷಧ. ನಮ್ಮ ಅನುಭವ ಹೇಳುವುದು ಇವೆರಡನ್ನೂ ಅಲ್ಲ. ಒಂಟಿ ಊಟ ಒಂದು ಸ್ಥಿತಿ. ಅದು ಹಿತವಾಗುತ್ತದೋ ಅಹಿತವಾಗುತ್ತದೋ ಎಂಬುದು ಕೂತ ಜಾಗ ಎಂಥದು ಎಂಬುದನ್ನು ಹೊಂದಿಕೊಂಡಿದೆ. ಆದ್ದರಿಂದಲೇ ನಮ್ಮ ವಿಮರ್ಶೆ ಉಣ್ಣುವವನ ಮನಸ್ಸನ್ನು ಬಿಟ್ಟು ಹೋಟೆಲಿನ ಕಡೆಗೆ ತಿರುಗಿದೆ.

ಹೋಟೆಲೆಂದರೆ ಬಡಿಸುವವನೂ ಸೇರಿದ. ಚಿತ್ರಕಥೆಯಲ್ಲಿ ಒಂದು ಅಧ್ಯಾಯ ನಮಗೆ ಎಲ್ಲಕ್ಕಿಂತ ಮೇಲಾಗಿ ತೋರಿತು. ಒಂದು ಸಣ್ಣ ಅಂಗಡಿಯಲ್ಲಿ ಗೊರೊ ಊಟಕ್ಕೆ ಕೂತಿದ್ದಾನೆ. ಅಲ್ಲಿ ಕೆಲಸಕ್ಕಿರುವ ಪರದೇಶದ ವಿದ್ಯಾರ್ಥಿಯೊಬ್ಬನನ್ನು ಮಾಲಿಕನು ಗಿರಾಕಿಗಳ ಎದುರಿಗೇ ಹೀನಾಯವಾಗಿ ಬೈಯುತ್ತಾನೆ. ಗೊರೊನಿಗೆ ತುತ್ತು ಇಳಿಯುವುದಿಲ್ಲ. ಇಂಥ ಮಾತಿನ ನಡುವೆ ಉಣ್ಣಲಾಗದು ಎಂದು ಎದ್ದು ಹೇಳುತ್ತಾನೆ. ಮಾತು ಬೆಳೆದು ಮಾಲಿಕನ ಕೈ ತಿರುಚುವವರೆಗೂ ಹೋಗುತ್ತದೆ. ಕೊನೆಗೆ ಬೇಡವೆಂದು ಬಿಡಿಸುವವನೂ ಆ ಹುಡುಗನೇ. ತನ್ನ ತಟ್ಟೆಯನ್ನು ಮಾತ್ರ ನೋಡುವ ಗೊರೊ ಇಲ್ಲಿ ತಟ್ಟೆ ತಂದವನನ್ನೂ ನೋಡಿದ್ದಾನೆ. ಕೃತಿ ಆ ಎತ್ತರದಲ್ಲಿಯೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಅಲ್ಲಿಂದಾಚೆಗೆ ಅವನು ಮತ್ತೆ ರುಚಿಯ ಲೆಕ್ಕಕ್ಕೇ ಮರಳುತ್ತಾನೆ.

ಈ ಅಧ್ಯಾಯವನ್ನು ನಮ್ಮ ಸಂಘದ ಓದುಗರು ಓದಬೇಕು. ಕರಾವಳಿಯಿಂದ ಬಂದ ಎಷ್ಟು ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಮೇಜು ಒರೆಸಿ, ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಕಲಿತು ಮುಂದೆ ಬಂದರು! ಸಂಘದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಹಿರಿಯರಲ್ಲಿ ಆ ದಾರಿಯಲ್ಲಿ ಬಂದವರಿದ್ದಾರೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು ಕಾನೂನು ನಿಷೇಧಿಸಿದೆ, ಅದು ಆಗಬೇಕಾದದ್ದೇ. ಆದರೆ ‘ಮಾಣಿ’ ಎಂದು ಕರೆಸಿಕೊಂಡ ಆ ಹುಡುಗ ಎಲ್ಲರಿಗೂ ಬಡಿಸಿದ ಮೇಲೆ, ಮೂರು ಗಂಟೆಯ ಹೊತ್ತಿಗೆ, ಅಡಿಗೆಮನೆಯ ಮೂಲೆಯಲ್ಲಿ ಉಂಡ ಊಟವನ್ನು ಯಾರು ಬರೆದಿದ್ದಾರೆ? ಮುಂಬಯಿಯಲ್ಲಿ ಅತಿ ಹೆಚ್ಚು ಬಾರಿ ಒಬ್ಬನೇ ಉಂಡವನು ಅವನೇ ಇದ್ದಾನು. ನಮ್ಮ ಮಾಸಿಕಗಳಲ್ಲಿ ಹೋಟೆಲಿನ ಮಾಲಿಕರ ಸನ್ಮಾನದ ವರದಿ ಬರುತ್ತದೆ, ಫೋಟೋ ಬರುತ್ತದೆ. ಅದು ತಪ್ಪಲ್ಲ. ಅದರೊಡನೆ ಬಡಿಸಿದವನ ಮಾತೂ, ಉಂಡವನ ಮಾತೂ ಬರಬೇಕಲ್ಲವೇ?

ಹೆಂಗಸರ ಮಾತು ಇನ್ನೂ ಬಾಕಿಯಿದೆ. ಹೆಂಗಸು ಒಬ್ಬಳೇ ಹೋಟೆಲಿಗೆ ಬಂದರೆ ಅವಳನ್ನು ಎಲ್ಲಿ ಕೂರಿಸುವುದೆಂಬ ಪ್ರಶ್ನೆಗೆ ಹಿಂದಿನವರು ‘ಫ್ಯಾಮಿಲಿ ರೂಮ್’ ಎಂಬ ಹಲಗೆಯ ಗೂಡನ್ನು ಕಟ್ಟಿದರು. ಒಬ್ಬಳೇ ಬಂದರೂ ಅವಳು ‘ಫ್ಯಾಮಿಲಿ’! ಅವಳಿಗೆ ಮರೆ ಸಿಕ್ಕಿತು, ಕುರ್ಚಿ ಸಿಗಲಿಲ್ಲ. ಮೇಲೆ ನಾವು ಹೊಗಳಿದ ಪ್ರಶ್ನೆ ಕೇಳದ ಸಹವಾಸವು ಬಹುಕಾಲ ಗಂಡಸರಿಗೆ ಮಾತ್ರ ಸಲ್ಲುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಜಪಾನಿನಲ್ಲಿಯೂ ಗೊರೊನಂಥ ಹೆಣ್ಣುಪಾತ್ರ ಹೆಸರಾಗಲು ಕಾಲ ಹಿಡಿಯಿತು. ಚಿಯೆ ಶಿಂಕ್ಯು ಎಂಬವರ ‘ವಾಕಾಕೊ ಜಕೆ’ ಎಂಬ ಚಿತ್ರಕಥೆ 2011ರಲ್ಲಿ ಆರಂಭವಾಯಿತು. ಅದರ ವಾಕಾಕೊ ಕಚೇರಿ ಬಿಟ್ಟ ಮೇಲೆ ಒಬ್ಬಳೇ ಕೂತು ತನಗೆ ಬೇಕಾದದ್ದನ್ನು ತಿಂದು ಕುಡಿದು ಮನೆಗೆ ಹೋಗುತ್ತಾಳೆ. ಅವಳನ್ನು ಯಾರೂ ದುರುಗುಟ್ಟಿ ನೋಡುವುದಿಲ್ಲ. ಇಂದು ಮಾಟುಂಗದ ಹೋಟೆಲುಗಳಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕ ತೆರೆದಿಟ್ಟು ಒಬ್ಬಳೇ ದೋಸೆ ತಿನ್ನುವುದನ್ನು ಕಾಣುವಾಗ, ಇಷ್ಟಾದರೂ ಆಯಿತಲ್ಲ ಎನಿಸುತ್ತದೆ.

ಆದರೆ ಗಳಿಸಿದ್ದನ್ನು ಕಳೆದುಕೊಳ್ಳುವ ಕಾಲವೂ ಬಂದಂತಿದೆ. ಹಳೆಯ ಉಡುಪಿ ಹೋಟೆಲುಗಳಲ್ಲಿ ಎಷ್ಟೋ ‘ಫ್ಯಾಮಿಲಿ ರೆಸ್ಟೋರೆಂಟ್’ಗಳಾಗಿ ಮಾರ್ಪಟ್ಟಿವೆ. ಬಾಗಿಲಲ್ಲಿ ನಿಂತವರು ಎಷ್ಟು ಜನ ಎಂದು ಕೇಳುತ್ತಾರೆ. ಒಬ್ಬರೇ ಎಂದರೆ ಕೈತೊಳೆಯುವ ಜಾಗದ ಪಕ್ಕದ ಮೇಜನ್ನು ತೋರಿಸುತ್ತಾರೆ. ಪಟ್ಟಿಯಲ್ಲಿರುವ ಪಲ್ಯದ ಪ್ರಮಾಣ ಮೂವರಿಗೆ ಸಾಕಾಗುವಂಥದು. ಅರ್ಧ ಕೊಡಿ ಎಂದರೆ ಕೊಡುವುದಿಲ್ಲ. ರೈಸ್ ಪ್ಲೇಟ್ ಎಷ್ಟೋ ಕಡೆ ಮಧ್ಯಾಹ್ನಕ್ಕೆ ಮಾತ್ರ. ರಾತ್ರಿ ಬಂದ ಒಂಟಿಯವನಿಗೆ ಅದಿಲ್ಲ. ಇನ್ನೊಂದು ಕಡೆ, 2008ರಲ್ಲಿ ಹುಟ್ಟಿದ ಜೊಮ್ಯಾಟೊ, 2014ರ ಸ್ವಿಗ್ಗಿ ಮೊದಲಾದವು ಊಟವನ್ನು ಖೋಲಿಯ ಬಾಗಿಲಿಗೇ ತರುತ್ತವೆ. ಅನುಕೂಲವೇನೋ ಹೌದು. ಆದರೆ ಅಲ್ಲಿ ಎದುರಿಗೆ ಅಡಿಗೆಯವನೂ ಇಲ್ಲ, ಪಕ್ಕದಲ್ಲಿ ಚಟ್ನಿ ಸರಿಸುವವನೂ ಇಲ್ಲ. ಮೊಬೈಲಿನ ಬೆಳಕಿನಲ್ಲಿ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆಯುವವನಿಗೆ ಇಚಿರಾನಿನ ಹಲಗೆಯ ಗೂಡೇ ವಾಸಿ. ಅಲ್ಲಿ ಬಟ್ಟಲಾದರೂ ಬಿಸಿಯಾಗಿರುತ್ತದೆ, ಎಡಬಲಕ್ಕೆ ಮನುಷ್ಯರ ಉಸಿರಾದರೂ ಇರುತ್ತದೆ.

ಹೋಟೆಲು ಧರ್ಮಛತ್ರವಲ್ಲ ಎಂದು ಮಾಲಿಕರು ಹೇಳಬಹುದು. ಬಾಡಿಗೆ, ಗ್ಯಾಸು, ಪಗಾರ ಎಲ್ಲವೂ ಏರಿವೆ. ನಾಲ್ವರ ಮೇಜನ್ನು ಒಬ್ಬನಿಗೆ ಬಿಟ್ಟರೆ ಗಲ್ಲಾಪೆಟ್ಟಿಗೆ ತುಂಬುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದಕ್ಕೆ ಉತ್ತರ ಎಂಬತ್ತು ವರ್ಷದ ಹಿಂದೆಯೇ ಸಿಕ್ಕಿತ್ತು. ಕುರ್ಚಿಯ ಲೆಕ್ಕದಲ್ಲಿ ಕೂರಿಸಿದರೆ ಮೇಜು ಖಾಲಿ ಉಳಿಯುವುದಿಲ್ಲ. ಒಂಟಿಯವನು ಹರಟೆಗೆ ಕೂತವನಲ್ಲ, ಉಂಡೊಡನೆ ಏಳುತ್ತಾನೆ. ಯೋಶಿನೋಯಾ ಬೆಳೆದದ್ದೂ ಬೇಗ ಉಂಡು ಬೇಗ ಏಳುವ ಇಂಥ ಒಂಟಿಯವರಿಂದಲೇ. ಒಂದು ಉದ್ದನೆಯ ಕಟ್ಟೆ, ಅದಕ್ಕೆ ಆರು ಸ್ಟೂಲು, ರಾತ್ರಿಯೂ ಸಿಗುವ ರೈಸ್ ಪ್ಲೇಟು: ಇಷ್ಟಕ್ಕೆ ಹೋಟೆಲು ಮುಳುಗುವುದಿಲ್ಲ. ಆಸ್ಪತ್ರೆಯ ಸುತ್ತಮುತ್ತ, ಬಸ್ಸು ನಿಲ್ಲುವ ಕಡೆ ಇಂಥದೊಂದು ಏರ್ಪಾಡು ಇದ್ದರೆ ಅದು ವ್ಯಾಪಾರವೂ ಹೌದು, ಉಪಕಾರವೂ ಹೌದು.

‘ಒಂಟಿ ಭೋಜನಪ್ರಿಯ’ನ ಬಗ್ಗೆ ಕೊನೆಯ ತೀರ್ಪು ಕೊಡಬೇಕಾದರೆ ಹೀಗೆ ಹೇಳಬಹುದು. ಒಂದು ತಟ್ಟೆ ಊಟವನ್ನು, ಅದೂ ಅಗ್ಗದ ಊಟವನ್ನು, ಇಷ್ಟು ಶ್ರದ್ಧೆಯಿಂದ ನೋಡುವುದನ್ನು ಕಲಿಸಿದ ಕೃತಿ ಬೇರೆ ಇರಲಾರದು. ಒಬ್ಬನೇ ಉಣ್ಣುವುದು ನಾಚಿಕೆಯ 
ಸಂಗತಿಯಲ್ಲ ಎಂದು ಅದು ಹೇಳಿದ ರೀತಿ ಮೆಚ್ಚತಕ್ಕದ್ದು. ಅದರ ಕೊರತೆಯೆಂದರೆ ಅದರ ನಾಯಕನು ಸದಾ ಹೊಟ್ಟೆ ತುಂಬಿ ಹೊರಬೀಳುವವನು. ಹಲಗೆಯ ಮೇಲಿನ ದರ ಓದಿ ಹಿಂತಿರುಗಿ ಹೋಗುವವನನ್ನು ಅವನು ಒಮ್ಮೆಯೂ ಎದುರುಗೊಳ್ಳುವುದಿಲ್ಲ. ನಮ್ಮ ಮುಂಬಯಿ ಕನ್ನಡದಲ್ಲಿ ಈ ವಸ್ತುವನ್ನು ಯಾರಾದರೂ ಕೈಗೆತ್ತಿಕೊಳ್ಳುವುದಾದರೆ ಆ ಮನುಷ್ಯನಿಂದ ಆರಂಭಿಸಲಿ. ಹೋಟೆಲಿನ ನಮ್ಮ ಬಂಧುಗಳೂ ಅವನು ಹಿಂತಿರುಗುವುದಕ್ಕೆ ಮುಂಚೆ, ಕೂತುಕೊಳ್ಳಿ ಎಂದು ಒಂದು ಮಾತು ಹೇಳಲಿ.